ಅಡಿಕೆಗೆ ಅಂಟಿದ್ದು ಕಳಂಕವಲ್ಲ

ಅಡಿಕೆ ಬೆಳೆಗಾರರ ಯಾವ ಸಭೆಗೆ ಹೋದರೂ ಒಂದು ಭಾಷಣ ಕಟ್ಟಿಟ್ಟ ಬುತ್ತಿ. ವೇದಿಕೆಯ ಮೇಲಿದ್ದವರಲ್ಲಿ ಒಬ್ಬರಾದರೂ ಎದ್ದು, ಅಡಿಕೆಗೆ ಅಂಟಿದ ಕಳಂಕವನ್ನು ತೊಳೆಯಬೇಕಾಗಿದೆ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಕ್ಯಾನ್ಸರ್ ತರುವುದು ತಂಬಾಕು, ಅಡಿಕೆ ಪಾಪ ಅದರ ಸಹವಾಸಕ್ಕೆ ಬಿದ್ದು ಹೆಸರು ಕೆಡಿಸಿಕೊಂಡಿದೆ, ಇದೆಲ್ಲ ವಿದೇಶಿ ಲಾಬಿಯ ಪಿತೂರಿ, ಹೊಸದಾಗಿ ಸಂಶೋಧನೆ ಮಾಡಿಸಿದರೆ ಸತ್ಯ ಹೊರಬೀಳುತ್ತದೆ. ಭಾಷಣಕಾರರ ಪಕ್ಷ ಯಾವುದೇ ಇರಲಿ, ಮಾತು ಮಾತ್ರ ಇದೇ. ಮಲೆನಾಡು, ಕರಾವಳಿಯಲ್ಲಿ ಈ ವಿಷಯದ ಮೇಲಿರುವಷ್ಟು ಒಮ್ಮತ ದೇವರ ಬಗ್ಗೆಯೂ ಇಲ್ಲ.

ನಾನು ಅಡಿಕೆ ಮನೆಯವನೇ. ಉಂಡದ್ದು, ಓದಿದ್ದು, ಕೊನೆಗೆ ಊರು ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದ್ದು ಎಲ್ಲವೂ ಅಡಿಕೆ ದುಡ್ಡಿನಲ್ಲಿ. ಹೊರಗಿನವರು ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತೇವೆ, ಹಾಗಾಗಿ ಒಳಗಿನವನೇ ಹೇಳಿಬಿಡುತ್ತೇನೆ: ಆ ಒಮ್ಮತ ಸುಳ್ಳು. ತಂಬಾಕಿನ ಒಂದು ಎಸಳೂ ಸೇರದ ಬರೀ ಅಡಿಕೆ ಬಾಯಿ ಕ್ಯಾನ್ಸರ್ ತರಬಲ್ಲದು. ಇದು ಇತ್ಯರ್ಥವಾಗಿ ಇಪ್ಪತ್ತು ವರ್ಷ ದಾಟಿದೆ.

ಎರಡು ಕೊಯ್ಲಿನ ಹಿಂದೆ ನಮ್ಮ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿತ ನಡೆದಿತ್ತು. ಹತ್ತೊಂದು ಜನ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಒಂಬತ್ತರ ಹೊತ್ತಿಗೆ ಅತ್ತಿಗೆ ಮೆಣಸಿನಕಾಯಿ ಬೋಂಡ ತಂದಳು. ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹುಡುಗ ಬೋಂಡವನ್ನು ಬಿಡಿಸಿ, ಮೆಣಸಿನಕಾಯಿ ಪಕ್ಕಕ್ಕಿಟ್ಟು, ಮೇಲಿನ ಹಿಟ್ಟನ್ನು ಚೂರು ಚೂರಾಗಿ ಮುರಿದು ತುಟಿಯ ಸಂದಿಯಲ್ಲಿ ತುರುಕಿಕೊಳ್ಳುತ್ತಿದ್ದ. ಯಾಕೋ ಎಂದೆ. ಖಾರ ಉರೀತದೆ ಅಂದ. ಬಾಯಿ ತೆರೆದು ಬೆರಳು ಇಡು ನೋಡೋಣ ಎಂದೆ. ಸರಿಯಿರುವ ಬಾಯಲ್ಲಿ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಬಹುದು. ಓದುವವರು ಈಗಲೇ ಇಟ್ಟು ನೋಡಿಕೊಳ್ಳಿ. ಅವನಿಗೆ ಎರಡನೆಯದೂ ಹೋಗಲಿಲ್ಲ. ಮೊಬೈಲಿನ ಬೆಳಕು ಬಿಟ್ಟರೆ ಕೆನ್ನೆಯ ಒಳಭಾಗ ಕೆಂಪಗಿರುವ ಬದಲು ಸುಣ್ಣ ಸವರಿದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು. ತಂಬಾಕು ಹಾಕ್ತೀಯಾ ಎಂದು ಕೇಳಿದೆ. "ಇಲ್ಲಣ್ಣ, ಅದರ ವಾಸನೆಯೇ ಆಗಲ್ಲ. ಬರೀ ಸುಪಾರಿ." ಏಳನೇ ಕ್ಲಾಸಿನಿಂದ.

ದಂತವೈದ್ಯರು ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಾಯಿಯ ಒಳಪೊರೆಯ ಕೆಳಗೆ ನಾರು ಕಟ್ಟಿ, ಮಿದುವಾಗಿ ಹಿಗ್ಗಬೇಕಾದ ಕೆನ್ನೆ ಚಕ್ಕಳದಂತೆ ಬಿಗಿಯುವ ಕಾಯಿಲೆ. ಮೊದಲು ಖಾರ ಉರಿಯುತ್ತದೆ, ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬರುತ್ತದೆ, ಕೊನೆಗೆ ಗಂಜಿಯೇ ಗತಿ. ಇದು ಕ್ಯಾನ್ಸರಲ್ಲ, ಕ್ಯಾನ್ಸರಿನ ಹೊಸ್ತಿಲು. ವೈದ್ಯಕೀಯ ಬರಹದಲ್ಲಿ ಇದು ಮೊದಲು ಕಾಣಿಸಿದ್ದು 1952ರಲ್ಲಿ, ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ. ಮರುವರ್ಷವೇ ಮುಂಬೈಯ ವೈದ್ಯ ಜೋಶಿ ಅದನ್ನು ಇಲ್ಲಿ ಗುರುತಿಸಿದರು. ಆಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧಕರು ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಜೊತೆ ಸೇರಿ ಎರ್ನಾಕುಲಂ ಜಿಲ್ಲೆಯ 66 ರೋಗಿಗಳನ್ನು ಹದಿನೇಳು ವರ್ಷ ಬೆನ್ನುಬಿಡದೆ ಗಮನಿಸಿದರು. ಐವರಿಗೆ ಬಾಯಿ ಕ್ಯಾನ್ಸರ್ ಬಂತು. ಹದಿಮೂರು ಜನರಲ್ಲಿ ಒಬ್ಬರು. 1985ರಲ್ಲಿ ಪ್ರಕಟವಾದ ಈ ಲೆಕ್ಕದಲ್ಲಿ ವಿದೇಶಿ ಪಿತೂರಿ ಹುಡುಕುವವರು ಸಂಶೋಧಕರ ಹೆಸರುಗಳನ್ನೊಮ್ಮೆ ಓದಲಿ: ಮೂರ್ತಿ, ಭೋಂಸ್ಲೆ, ದಫ್ತರಿ, ಗುಪ್ತ, ಮೆಹ್ತಾ.

ತಂಬಾಕೊಂದೇ ಅಪರಾಧಿ ಎನ್ನುವವರು ಈ ಕಾಯಿಲೆಯ ಮುಂದೆ ಉತ್ತರ ಹೇಳಬೇಕು. ಸ್ವೀಡನ್ನಿನವರು ತಲೆಮಾರುಗಳಿಂದ ತುಟಿಯಡಿ ತಂಬಾಕು ಇಟ್ಟುಕೊಳ್ಳುತ್ತಾರೆ, ಅವರ ಬಾಯಿ ಹೀಗೆ ಮುಚ್ಚಿಕೊಳ್ಳುವುದಿಲ್ಲ. ಬೀಡಿ ಸೇದುವವನಿಗೆ ನೂರು ತಾಪತ್ರಯ ಬಂದರೂ ಇದು ಬರುವುದಿಲ್ಲ. ಅಡಿಕೆ ಜಗಿಯುವ ಊರುಗಳಲ್ಲಿ ಮಾತ್ರ ಬರುತ್ತದೆ, ಅಡಿಕೆ ಜಗಿಯುವವರು ವಲಸೆ ಹೋದ ಕಡೆಯಲ್ಲೆಲ್ಲ ಅವರ ಬೆನ್ನಿಗೇ ಹೋಗಿದೆ.

ಹೇಗೆ ಬರುತ್ತದೆ ಎನ್ನುವುದು ಅಡಿಕೆ ಬೇಯಿಸಿದ ಯಾರಿಗಾದರೂ ಸುಲಭವಾಗಿ ಅರ್ಥವಾಗಬೇಕು. ಹಂಡೆಯ ತಳದಲ್ಲಿ ಕುದಿದು ಕುದಿದು ಗಟ್ಟಿಯಾದ ಚೊಗರು ಕೈಗೆ ತಾಗಿದರೆ ವಾರವಾದರೂ ಹೋಗದು. ಚೊಗರಿನ ಜೀವಾಳ ಟ್ಯಾನಿನ್. ಹಸಿ ಚರ್ಮವನ್ನು ಹದ ಮಾಡಿ ಚಪ್ಪಲಿಯ ತೊಗಲಾಗಿಸುವುದೂ ಟ್ಯಾನಿನ್ನೇ. ಚರ್ಮದಲ್ಲಿರುವ ಕೊಲಾಜನ್ ಎಂಬ ಎಳೆಗಳನ್ನು ಅದು ಒಂದಕ್ಕೊಂದು ಹೊಲಿದು, ಕೊಳೆಯದಂತೆ ಕರಗದಂತೆ ಮಾಡುತ್ತದೆ. ಕೆನ್ನೆಯಲ್ಲಿರುವುದೂ ಅದೇ ಕೊಲಾಜನ್. ಅಡಿಕೆಯ ಅರೆಕೋಲಿನ್ ಎಂಬ ಸತ್ವ ಕೆನ್ನೆಯ ಜೀವಕೋಶಗಳನ್ನು ಕೆರಳಿಸಿ ಈ ಎಳೆಗಳನ್ನು ಅತಿಯಾಗಿ ತಯಾರಿಸುವಂತೆ ಮಾಡುತ್ತದೆ, ಟ್ಯಾನಿನ್ ಅವು ಕರಗದಂತೆ ಕಾಯುತ್ತದೆ. ಅಡಿಕೆಯಲ್ಲಿ ಧಾರಾಳವಾಗಿರುವ ತಾಮ್ರ ಎಳೆಗಳನ್ನು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಇನ್ನು ಸುಣ್ಣ. ಸುಣ್ಣ ಬೆರೆತಾಗ ಬಾಯಿಯ ರಸ ಕ್ಷಾರವಾಗಿ, ಅಡಿಕೆಯ ಪಾಲಿಫಿನಾಲುಗಳು ಒಡೆದು, ಜೀವಕೋಶದ ಡಿಎನ್‌ಎಯನ್ನು ಗಾಯ ಮಾಡುವ ಚುರುಕಿನ ಆಮ್ಲಜನಕ ಕಣಗಳು ಹುಟ್ಟುತ್ತವೆ. ಅರೆಕೋಲಿನ್ ಜೊಲ್ಲಿನೊಂದಿಗೆ ಸೇರಿ ನೈಟ್ರೋಸಮೀನ್‌ಗಳಾಗುತ್ತದೆ. ಇವುಗಳಲ್ಲೊಂದು ಇಲಿಗಳಲ್ಲಿ ಗಡ್ಡೆ ಬೆಳೆಸಿದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಗಾಯವಾದ ಡಿಎನ್‌ಎಯನ್ನು ದೇಹ ರಿಪೇರಿ ಮಾಡುತ್ತದೆ. ದಿನಕ್ಕೆ ಹತ್ತು ಸಲ, ವರ್ಷಕ್ಕೆ ಮುನ್ನೂರರವತ್ತೈದು ದಿನ ಅದೇ ಜಾಗದಲ್ಲಿ ಗಾಯವಾದರೆ ಒಂದಲ್ಲ ಒಂದು ದಿನ ರಿಪೇರಿ ತಪ್ಪುತ್ತದೆ, ಆ ತಪ್ಪು ಮುಂದಿನ ಜೀವಕೋಶಕ್ಕೆ ಇಳಿಯುತ್ತದೆ. ತಪ್ಪುಗಳು ಒಂದರ ಮೇಲೊಂದು ಕೂಡಿ ಜೀವಕೋಶದ ಲಗಾಮು ಕಿತ್ತುಹೋಗಲು ಹತ್ತು, ಇಪ್ಪತ್ತು, ಮೂವತ್ತು ವರ್ಷ ಬೇಕು.

ಈ ಮೂವತ್ತು ವರ್ಷದ ಮರೆಯಲ್ಲೇ ಎಲ್ಲ ವಾದಗಳೂ ಅವಿತುಕೊಳ್ಳುವುದು. ಇಲಿಗೆ ಅಡಿಕೆ ತಿನ್ನಿಸಿದೆವು, ಏನೂ ಆಗಲಿಲ್ಲ ಎನ್ನುವವರಿದ್ದಾರೆ. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಡಾಂಬರು ಸವರಿ ಕ್ಯಾನ್ಸರ್ ತರಿಸಿದ್ದನ್ನು 1915ರಲ್ಲಿ ತೋರಿಸುವ ಮುನ್ನ ಎಷ್ಟೋ ಜನ ಅದನ್ನೇ ಮಾಡಹೋಗಿ ಕೈಚೆಲ್ಲಿದ್ದರು. ಇವರು ಮಾಡಿದ ಹೆಚ್ಚಿನ ಕೆಲಸವೆಂದರೆ ಬಿಡದೆ ತಿಂಗಳುಗಟ್ಟಲೆ ಸವರಿದ್ದು. ಏನೂ ಆಗಲಿಲ್ಲ ಎಂಬ ವರದಿ ಹಿಡಿದು ಬಂದವರನ್ನು ಮೊದಲು ಎಷ್ಟು ದಿನ ಕಾದಿರಿ ಎಂದು ಕೇಳಬೇಕು.

ಪಿತೂರಿಯ ಮಾತಿಗೆ ಬರೋಣ. ಫ್ರಾನ್ಸಿನ ಲಿಯೋನಿನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆಯ ಅಂಗ, ಯಾವ ವಸ್ತು ಕ್ಯಾನ್ಸರಕಾರಕ ಎಂದು ವಿಂಗಡಿಸುವ ಕೆಲಸ ಮಾಡುತ್ತದೆ. ನಮ್ಮ ಭಾಷಣಕಾರರ ಬೈಗುಳವೆಲ್ಲ ಇದರ ಮೇಲೆ. ಆದರೆ ಈ ಸಂಸ್ಥೆ 1985ರಲ್ಲಿ ಕವಳದ, ಅಂದರೆ ಎಲೆಅಡಿಕೆಯ, ಬಗ್ಗೆ ಏನು ಹೇಳಿತ್ತು ಎಂಬುದನ್ನು ಯಾವ ವೇದಿಕೆಯಲ್ಲೂ ನಾನು ಕೇಳಿಲ್ಲ. ತಂಬಾಕು ಹಾಕಿದ ಕವಳ ಕ್ಯಾನ್ಸರ್ ತರುತ್ತದೆ, ತಂಬಾಕಿಲ್ಲದ ಕವಳದ ಬಗ್ಗೆ ಸಾಕ್ಷ್ಯ ಸಾಲದು ಎಂದಿತ್ತು. ಅಂದರೆ ಇವತ್ತು ನಮ್ಮವರು ಹೇಳುವುದನ್ನೇ ಅದು ಅಂದು ಹೇಳಿತ್ತು! ಅಡಿಕೆಗೆ ಸಂಶಯದ ಲಾಭ ಕೊಟ್ಟು ಹದಿನೆಂಟು ವರ್ಷ ಕಾದಿತ್ತು. 2003ರಲ್ಲಿ ಮತ್ತೆ ಕೂತು, ಅಷ್ಟರಲ್ಲಿ ಬಂದ ಅಧ್ಯಯನಗಳನ್ನು ತೂಗಿ, 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರಕಾರಕ ಎಂದು ಖಚಿತವಾದವುಗಳ ಪಟ್ಟಿಗೆ, ಸೇರಿಸಿತು. ಮತ್ತೊಮ್ಮೆ ನೋಡಿ 2012ರ ಸಂಪುಟದಲ್ಲಿ ಅದನ್ನೇ ಖಚಿತಪಡಿಸಿತು, ತಂಬಾಕಿಲ್ಲದ ಕವಳದ ಹೆಸರಿಗೆ ಅನ್ನನಾಳದ ಕ್ಯಾನ್ಸರನ್ನೂ ಬರೆಯಿತು. ಪಿತೂರಿ ಮಾಡುವವರು ಇಷ್ಟು ತಾಳ್ಮೆಯವರಾಗಿರುತ್ತಾರೆಯೇ?

ಮೊದಲ ಗುಂಪಿನಲ್ಲಿ ಬಿಸಿಲೂ ಇದೆ, ಸಂಸ್ಕರಿಸಿದ ಮಾಂಸವೂ ಇದೆ, ಹಾಗಾದರೆ ಬಿಸಿಲನ್ನೂ ನಿಷೇಧಿಸಿ ಎಂಬ ಕುಹಕವೊಂದಿದೆ. ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು. ವಿಷ ಎಷ್ಟು ಖಾರ ಎಂಬುದನ್ನಲ್ಲ. ಕೋಳಿ ಕದ್ದವನ ಮೇಲಿನ ಆರೋಪವೂ ಕೊಲೆ ಮಾಡಿದವನ ಮೇಲಿನ ಆರೋಪವೂ ಕೋರ್ಟಿನಲ್ಲಿ ಸಮನಾಗಿ ಸಾಬೀತಾಗಬಹುದು. ಸಾಬೀತಾಯಿತು ಎಂದಮಾತ್ರಕ್ಕೆ ಶಿಕ್ಷೆ ಒಂದೇ ಅಲ್ಲ, ಶಿಕ್ಷೆ ಬೇರೆ ಎಂದಮಾತ್ರಕ್ಕೆ ಕೋಳಿ ಕಳ್ಳ ನಿರಪರಾಧಿಯೂ ಅಲ್ಲ. ಈಚೆಗೆ ಇನ್ನೊಂದು ಚಾಲಾಕಿನ ಮಾತು ಶುರುವಾಗಿದೆ: ಅರೆಕೋಲಿನ್ ಅನ್ನು ಅದೇ ಸಂಸ್ಥೆ 2021ರ ಸಂಪುಟದಲ್ಲಿ ಬರೀ 'ಸಾಧ್ಯತೆಯುಳ್ಳ' 2ಬಿ ಗುಂಪಿನಲ್ಲಿಟ್ಟಿದೆಯಲ್ಲ, ಮತ್ತೆ ಅಡಿಕೆ ಹೇಗೆ ಒಂದನೇ ಗುಂಪು? ಅರೆಕೋಲಿನ್ ಅಡಿಕೆಯೊಳಗಿನ ಒಂದು ಸತ್ವ. ಅದನ್ನೊಂದನ್ನೇ ಬೇರ್ಪಡಿಸಿ ಜಗಿಯುವ ಮನುಷ್ಯ ಭೂಮಿಯ ಮೇಲಿಲ್ಲ, ಅದರ ಮೇಲೆ ಮಾನವ ಸಾಕ್ಷ್ಯ ಎಲ್ಲಿಂದ ಬರಬೇಕು? ಜನ ಜಗಿಯುವುದು ಅಡಿಕೆ. ಸಾಕ್ಷ್ಯ ಇರುವುದೂ ಅಡಿಕೆಯ ಮೇಲೆ.

ಆ ಸಾಕ್ಷ್ಯ ಎಲ್ಲಿಂದ ಬಂತು? ನಮ್ಮ ದೇಶದಲ್ಲಿ ತಂಬಾಕು ಮತ್ತು ಅಡಿಕೆ ಒಂದೇ ಬಾಯಲ್ಲಿ ಸೇರಿರುವುದರಿಂದ ಬಿಡಿಸಿ ನೋಡುವುದು ಕಷ್ಟ ಎಂಬುದು ನಿಜ. ಅದಕ್ಕೇ ತೈವಾನಿಗೆ ಹೋಗಬೇಕು. ಅಲ್ಲಿ ಕವಳಕ್ಕೆ ತಂಬಾಕು ಹಾಕುವ ರೂಢಿಯೇ ಇಲ್ಲ. ಹಸಿ ಅಡಿಕೆ, ಸುಣ್ಣ, ಎಲೆ ಅಥವಾ ವೀಳ್ಯದ ಹೂಗೊಂಚಲು. ಪಪುವಾ ನ್ಯೂ ಗಿನಿಯಲ್ಲೂ ಅಷ್ಟೇ, ಜಗಿಯುವುದರಲ್ಲಿ ತಂಬಾಕಿಲ್ಲ, ಮತ್ತು ಬಾಯಿ ಕ್ಯಾನ್ಸರಿನ ಪ್ರಮಾಣದಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿರುವ ದೇಶ ಅದು. ಅಲ್ಲಿನ ಒಂದು ವಿವರ ನನ್ನನ್ನು ಬಹಳ ಕಾಡಿದೆ. ಅವರು ಸುಣ್ಣದ ಪುಡಿಯನ್ನು ಕಡ್ಡಿಯಲ್ಲಿ ತೆಗೆದು ಬಾಯಿಯ ಒಂದು ನಿರ್ದಿಷ್ಟ ಮೂಲೆಗೆ ಹಚ್ಚಿಕೊಳ್ಳುತ್ತಾರೆ. 1992ರಲ್ಲಿ ಸಂಶೋಧಕರು ನೋಡಿದಾಗ ಹುಣ್ಣುಗಳು ಬಹುಪಾಲು ಎದ್ದಿದ್ದು ಆ ಮೂಲೆಯಲ್ಲೇ. ಚೀನಾದ ಹುನಾನಿನಲ್ಲಿ ಅಡಿಕೆಯ ಸಿಪ್ಪೆಗೆ ರುಚಿ ಸೇರಿಸಿ ಜಗಿಯುತ್ತಾರೆ, ಅಲ್ಲೂ ತಂಬಾಕಿಲ್ಲ, ಬಾಯಿ ಮುಚ್ಚಿಕೊಳ್ಳುವ ಕಾಯಿಲೆ ಮಾತ್ರ ನಮ್ಮಲ್ಲಿರುವುದೇ. 2021ರಲ್ಲಿ ಚೀನಾ ಟೀವಿಯಲ್ಲಿ ಅಡಿಕೆ ಜಾಹೀರಾತನ್ನು ನಿಲ್ಲಿಸಿತು.

ಕವಳ ಹಾಕುವವರು ಸಿಗರೇಟನ್ನೂ ಸೇದುತ್ತಾರಲ್ಲ ಎಂದರೆ, ಅದರ ಪ್ರಭಾವವನ್ನು ಕಳೆದು ಲೆಕ್ಕ ಹಾಕುವ ವಿಧಾನಗಳಿವೆ. ಅಧ್ಯಯನಗಳನ್ನೆಲ್ಲ ಕೂಡಿಸಿ 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಭಾರತ ಉಪಖಂಡದಲ್ಲಿ ತಂಬಾಕಿಲ್ಲದ ಕವಳ ಹಾಕುವವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಹಾಕದವರಿಗಿಂತ ಸುಮಾರು ಎರಡೂವರೆ ಪಟ್ಟು. ತಂಬಾಕು ಸೇರಿದರೆ ಏಳು ಪಟ್ಟಿಗೂ ಹೆಚ್ಚು. ತೈವಾನಿನಲ್ಲಿ ತಂಬಾಕಿಲ್ಲದ ಕವಳಕ್ಕೇ ಹತ್ತು ಪಟ್ಟು ದಾಟಿದೆ. ತಂಬಾಕು ಹೆಚ್ಚು ಕೆಟ್ಟದ್ದು ಎಂದು ಬೇಕಾದರೆ ಹೇಳಿ, ನಾನೂ ಕೈ ಎತ್ತುತ್ತೇನೆ. ಎರಡೂವರೆಯನ್ನು ಸೊನ್ನೆ ಎಂದು ಓದಬೇಡಿ.

ಹೊಗೆರಹಿತ ತಂಬಾಕು ಅಥವಾ ಅಡಿಕೆಯ ಕಾರಣಕ್ಕೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 1,20,000 ಜನರಿಗೆ ಬಾಯಿ ಕ್ಯಾನ್ಸರ್ ಬಂತು ಎಂದು ಅದೇ ಲಿಯೋನಿನ ಸಂಸ್ಥೆಯ ಅಂದಾಜು. ಅವರಲ್ಲಿ 83,000ಕ್ಕೂ ಹೆಚ್ಚು ಜನ ನಮ್ಮ ದೇಶದವರು.

ಇಷ್ಟಾದ ಮೇಲೆ ಅಜ್ಜ ಬರುತ್ತಾನೆ. ಪ್ರತಿ ಅಡಿಕೆ ಮನೆಯಲ್ಲೂ ತೊಂಬತ್ತು ವರ್ಷ ಕವಳ ಹಾಕಿ ಗಟ್ಟಿಮುಟ್ಟಾಗಿದ್ದ ಒಬ್ಬ ಅಜ್ಜ ಇದ್ದೇ ಇದ್ದಾನೆ, ನಮ್ಮ ಮನೆಯಲ್ಲೂ ಇದ್ದ. ಆ ಅಜ್ಜ ಊಟವಾದ ಮೇಲೆ ಜಗಲಿಯಲ್ಲಿ ಕೂತು, ಸಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಕತ್ತರಿಯಲ್ಲಿ ಹೋಳು ಮಾಡಿ, ಜಗಿದು, ಉಗಿದು, ಬಾಯಿ ಮುಕ್ಕಳಿಸಿ ಏಳುತ್ತಿದ್ದ. ದಿನಕ್ಕೆ ಮೂರು ನಾಲ್ಕು ಸಲ. ನಮ್ಮ ಅಂಗಳದ ಆ ಹುಡುಗ ಎದ್ದಾಗಿನಿಂದ ಮಲಗುವ ತನಕ ಕೆನ್ನೆಯಲ್ಲಿ ಪುಡಿ ಒತ್ತಿಕೊಂಡಿರುತ್ತಾನೆ. ಸ್ಯಾಷೆ ಬಂದ ಮೇಲೆ ಅಡಿಕೆಗೆ ಹೊತ್ತೂ ಇಲ್ಲ, ಗೊತ್ತೂ ಇಲ್ಲ. ಬಾಯಿ ಮುಚ್ಚುವ ಈ ಕಾಯಿಲೆ ಹರೆಯದವರಲ್ಲಿ ಹಬ್ಬಿದ್ದೂ ಪೊಟ್ಟಣಗಳ ಕಾಲದಲ್ಲೇ. ಗುಜರಾತಿನ ಭಾವನಗರದ ಕಡೆ ಮಾವಾ ಎಂಬ ಅಡಿಕೆ ಮಿಶ್ರಣ ಜಗಿಯುವ ಹುಡುಗರ ಬಾಯಿ ನೋಡಿ ಸಂಶೋಧಕರು 1998ರಲ್ಲೇ ಇದು ಹೊಸ ಸಾಂಕ್ರಾಮಿಕವೇ ಎಂದು ಕೇಳಿದ್ದರು. ಹಾಗೆಂದು ಅಜ್ಜನ ಕವಳ ನಿರಪಾಯವಾಗಿತ್ತೆಂದಲ್ಲ. ಬದುಕಿ ಉಳಿದ ಅಜ್ಜ ಕತೆಯಾಗುತ್ತಾನೆ. ಐವತ್ತೈದಕ್ಕೆ ಕೆನ್ನೆ ಹುಣ್ಣಾಗಿ ಹೋದ ಚಿಕ್ಕಜ್ಜನ ಕತೆಯನ್ನು ಯಾರು ಹೇಳುತ್ತಾರೆ? 1902ರಷ್ಟು ಹಿಂದೆಯೇ ಮದ್ರಾಸಿನ ಸರ್ಜನ್ ನಿಬ್ಲಾಕ್ ಎಲೆಅಡಿಕೆ ಜಗಿಯುವವರ ಕೆನ್ನೆಯ ಕ್ಯಾನ್ಸರಿನ ಬಗ್ಗೆ ಬರೆದಿದ್ದರು.

ಅಡಿಕೆಯಲ್ಲೇನೋ ಇದೆ ಎಂಬುದು ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತು. ಗೋಡಂಬಿ ಸೊಕ್ಕುವುದಿಲ್ಲ, ತೆಂಗಿನಕಾಯಿ ಸೊಕ್ಕುವುದಿಲ್ಲ, ಅಡಿಕೆ ಸೊಕ್ಕುತ್ತದೆ. ಹೊಸಬನ ಬಾಯಿಗೆ ಸೊಕ್ಕಡಿಕೆ ಬಿದ್ದರೆ ಬೆವರೊಡೆದು, ಎದೆ ಬಡಿದು, ಅವನು ಕಂಬ ಹಿಡಿದು ಕೂರುತ್ತಾನೆ, ಯಾರಾದರೂ ನೀರು ತರಲು ಓಡುತ್ತಾರೆ. ಅದು ಅರೆಕೋಲಿನ್ನಿನ ಕೆಲಸ. ಮನುಷ್ಯ ಬಿಡಲಾರದೆ ಮತ್ತೆ ಮತ್ತೆ ಸಂಚಿಗೆ ಕೈಹಾಕುವುದಕ್ಕೂ ಅದೇ ಕಾರಣ.

ಅಡಿಕೆಯ ಸಾರ ಕ್ಯಾನ್ಸರ್ ಕೋಶಗಳನ್ನೇ ಕೊಲ್ಲುತ್ತದೆ ಎಂಬ ಪತ್ರಿಕಾ ಸುದ್ದಿ ವರ್ಷಕ್ಕೊಮ್ಮೆ ವಾಟ್ಸಾಪಿನಲ್ಲಿ ಮೆರವಣಿಗೆ ಹೊರಡುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಫಿನಾಯಿಲೂ ಕೊಲ್ಲುತ್ತದೆ, ಅದನ್ನು ಯಾರೂ ಊಟದ ಮೇಲೆ ಜಗಿಯುವುದಿಲ್ಲ. ಆಯುರ್ವೇದ ತಾಂಬೂಲವನ್ನು ಹೊಗಳಿದೆಯಲ್ಲ ಎನ್ನುತ್ತಾರೆ. ಹೊಗಳಿದೆ. ಆ ಗ್ರಂಥಕಾರರ ಮುಂದೆ ಹದಿನೇಳು ವರ್ಷದ ಎರ್ನಾಕುಲಂ ಲೆಕ್ಕ ಇರಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬರಿಸುವುದು ಬೇರೆ. ಗುಟ್ಕಾ ಬೇರೆ, ಅಡಿಕೆ ಬೇರೆ, ಗುಟ್ಕಾದ ಪಾಪವನ್ನು ಅಡಿಕೆಯ ತಲೆಗೆ ಕಟ್ಟಬೇಡಿ ಎನ್ನುವ ನಾಯಕರೇ 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿದಾಗ ಅಡಿಕೆ ಬೆಳೆಗಾರ ಬೀದಿಗೆ ಬೀಳುತ್ತಾನೆ ಎಂದು ಕೂಗೆಬ್ಬಿಸಿದರು. ಬೇರೆ ಬೇರೆಯಾದರೆ ಒಂದಕ್ಕೆ ಬಿದ್ದ ಪೆಟ್ಟು ಇನ್ನೊಂದಕ್ಕೆ ಯಾಕೆ ನೋಯಬೇಕು? ನಮ್ಮ ರಾಶಿ ಅಡಿಕೆಯ ಮೂಟೆ ಶಿವಮೊಗ್ಗದ ಮಂಡಿಯಿಂದ ಲಾರಿ ಹತ್ತಿ ಹೋಗುವುದು ಯಾವ ಮದುವೆ ಮನೆಯ ತಾಂಬೂಲದ ತಟ್ಟೆಗೂ ಅಲ್ಲ, ಉತ್ತರದ ಪಾನ್ ಮಸಾಲಾ ಕಾರ್ಖಾನೆಗಳಿಗೆ. ಇದು ಮಂಡಿಯ ಹಮಾಲಿಗೂ ಗೊತ್ತು. ನಿಷೇಧ ಬಂದ ಮೇಲೆ ಕಂಪನಿಗಳು ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಹಾಕಿ ಅಂಗಡಿಯಲ್ಲಿ ಅಕ್ಕಪಕ್ಕ ತೂಗುಹಾಕಿದವು. ಗಿರಾಕಿ ತಾನೇ ಬೆರೆಸಿಕೊಳ್ಳುತ್ತಾನೆ. ಅಡಿಕೆಯ ಬೆಲೆ ಬೀಳಲಿಲ್ಲ, ನಾಯಕರೂ ಸುಮ್ಮನಾದರು.

ಹೊಸ ಸಂಶೋಧನೆಗೆ ಸರ್ಕಾರಗಳು ಹಣ ಎತ್ತಿಡುತ್ತಿವೆ. ಸಂಶೋಧನೆ ಬೇಡ ಎನ್ನುವಷ್ಟು ಮೂರ್ಖ ನಾನಲ್ಲ. ಆದರೆ ಕಳಂಕ ತೊಳೆಯಲು ಸಂಶೋಧನೆ ಎಂದು ಮೊದಲೇ ಘೋಷಿಸಿ ಹೊರಟರೆ ಅದಕ್ಕೆ ಸಂಶೋಧನೆ ಎನ್ನುವುದಿಲ್ಲ, ವಕಾಲತ್ತು ಎನ್ನುತ್ತಾರೆ. ಅಮೆರಿಕದ ಸಿಗರೇಟು ಕಂಪನಿಗಳು 1954ರಲ್ಲಿ ಇದನ್ನೇ ಮಾಡಿದ್ದವು. ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ಇನ್ನೂ ಖಚಿತವಾಗಿಲ್ಲ, ನಾವೇ ಒಂದು ಸಂಶೋಧನಾ ಸಮಿತಿ ಮಾಡುತ್ತೇವೆ ಎಂದವು. ಆ ಸಮಿತಿ ದಶಕಗಟ್ಟಲೆ ಇನ್ನೂ ಸಂಶೋಧನೆ ಬೇಕು ಎನ್ನುತ್ತಲೇ ಕಾಲ ತಳ್ಳಿತು, ಅಷ್ಟೂ ದಿನ ಸಿಗರೇಟು ಮಾರಾಟವಾಯಿತು. ನಮ್ಮ ವೇದಿಕೆಗಳಿಂದ ಕೇಳುವ ಸಂಶೋಧನೆಯ ಮಾತಿಗೂ ಆ ಧಾಟಿ ಇದೆ. ಮಲೆನಾಡಿನ ಯಾವ ಸಭೆಯಲ್ಲಾದರೂ ಯಾರಾದರೂ, ನಮ್ಮ ತೋಟದ ಕೆಲಸದವರ ಬಾಯಿ ಎಷ್ಟು ಬೆರಳು ತೆರೆಯುತ್ತದೆ ಎಂದು ಅಳೆದು ನೋಡೋಣ ಎಂದಿದ್ದಾರೆಯೇ? ಅದಕ್ಕೆ ಕೋಟಿ ಬೇಡ. ಒಬ್ಬ ದಂತವೈದ್ಯ, ಒಂದು ಟಾರ್ಚು, ಮಂಡಿಯ ಜಗಲಿ ಸಾಕು. ತೈವಾನಿನಲ್ಲಿ ಮೂವತ್ತು ದಾಟಿದ ಜಗಿಯುವವರಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ಬಾಯಿ ತಪಾಸಣೆ ಮಾಡಿಸುತ್ತದೆ. ಅಡಿಕೆ ಕಡಿದು ಬೇರೆ ಬೆಳೆಗೆ ಹೋಗುವವರಿಗೆ ಸಹಾಯಧನವನ್ನೂ ಕೊಟ್ಟಿತು.

ಬೆಳೆಗಾರ ಅಪರಾಧಿಯಲ್ಲ. ತಲೆಮಾರುಗಳ ಹಿಂದೆ ಯಾರೋ ನೆಟ್ಟ ತೋಟವನ್ನು ನೋಡಿಕೊಂಡು ಬಂದವನು ಅವನು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗದಲ್ಲಿ ತೋಟವೇ ಹೋಯಿತು, ಈಗ ಎಲೆಚುಕ್ಕಿ ಬಂದಿದೆ. ಅವನಿಗೆ ಸುಳ್ಳು ಹೇಳಿ ಸಮಾಧಾನ ಮಾಡುವುದು ಅವನಿಗೆ ಮಾಡುವ ಉಪಕಾರ ಎಂದು ನಾಯಕರು ನಂಬಿದ್ದರೆ, ಆ ಸುಳ್ಳಿನ ಬೆಲೆಯನ್ನು ಯಾರು ಕಟ್ಟುತ್ತಾರೆ ಎಂದು ಚನ್ನಗಿರಿಯ ಕಡೆ ಹೋಗಿ ನೋಡಬೇಕು. ಭತ್ತ, ಮೆಕ್ಕೆಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಕೊಳವೆಬಾವಿ ಕೊರೆಸಿ, ಸಾಲ ಮಾಡಿ ಅಡಿಕೆ ನೆಡುತ್ತಿದ್ದಾರೆ. ಗಿಡ ಫಸಲಿಗೆ ಬರಲು ಐದಾರು ವರ್ಷ, ಆಮೇಲೆ ಮೂವತ್ತು ನಲವತ್ತು ವರ್ಷದ ಬದುಕು. ಒಂದು ಬೆಳಿಗ್ಗೆ ಎದ್ದಾಗ ಕೋರ್ಟು ಅಥವಾ ಸರ್ಕಾರ ಪಾನ್ ಮಸಾಲಾ ಬೇಡ ಎಂದರೆ ಆ ಗಿಡದ ಬುಡದಲ್ಲಿ ನಿಂತಿರುವವನು ಭಾಷಣಕಾರನಲ್ಲ.

ಕಳೆದ ಆಷಾಢದಲ್ಲಿ ಅಣ್ಣನೂ ಮೇಲಿನ ಗದ್ದೆಗೆ ಇನ್ನೂರು ಸಸಿ ಹಾಕಿಸಿದ. ಯಾಕೆ ಎಂದು ಕೇಳಿದೆ. ಕ್ವಿಂಟಾಲಿಗೆ ಐವತ್ತು ಸಾವಿರ ಕೊಡುವ ಇನ್ನೊಂದು ಬೆಳೆ ಹೇಳು, ನಾಳೆಯೇ ಕೀಳಿಸುತ್ತೇನೆ ಎಂದ. ನನ್ನ ಬಳಿ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಬೇಕಾದವರು ವಾರ್ಷಿಕ ಸಭೆಯ ಆಹ್ವಾನ ಪತ್ರಿಕೆ ಕಳಿಸಿದ್ದರು. ಅಣ್ಣ ಅದನ್ನು ಟೀವಿಯ ಮೇಲೆ ಇಟ್ಟಿದ್ದ. ಮೂರನೇ ಸಾಲಿನಲ್ಲಿ ವಿಶೇಷ ಉಪನ್ಯಾಸದ ವಿಷಯ ಅಚ್ಚಾಗಿತ್ತು: 'ಅಡಿಕೆಗೆ ಅಂಟಿದ ಕಳಂಕ.' ಅದರ ಕೆಳಗೆ, ಬಂದವರಿಗೆಲ್ಲ ಊಟ ಮತ್ತು ಕವಳದ ವ್ಯವಸ್ಥೆ ಇದೆ ಎಂದಿತ್ತು.